ಎರಡೇ ಸಾಕ್ಷಿಗಳ ಉಯಿಲು: ಫ್ರೆಡ್ರಿಕ್ ಡಗ್ಲಸ್ ಮನೆ ಉಳಿದ ಬಗೆ

1895ರ ಫೆಬ್ರವರಿ 20ರ ಸಂಜೆ ಫ್ರೆಡ್ರಿಕ್ ಡಗ್ಲಸ್ ತಮ್ಮ ಮನೆ ಸೀಡರ್ ಹಿಲ್‌ನಲ್ಲಿ ತೀರಿಕೊಂಡರು. ಅಂದು ಹಗಲು ಅಮೆರಿಕದ ಮಹಿಳಾ ರಾಷ್ಟ್ರೀಯ ಮಂಡಳಿಯ ಸಭೆಗೆ ಹೋಗಿ ಬಂದಿದ್ದರು. ಗುಲಾಮರಾಗಿ ಹುಟ್ಟಿ, ತಪ್ಪಿಸಿಕೊಂಡು, ಮೂರು ಆತ್ಮಕಥೆ ಬರೆದು, ಪತ್ರಿಕೆ ನಡೆಸಿ, ಅರ್ಧ ಶತಮಾನ ಕಪ್ಪುಜನರ ಮತ್ತು ಹೆಂಗಸರ ಹಕ್ಕಿಗಾಗಿ ಮಾತಾಡಿದ ಮನುಷ್ಯ ಅವರು. ವಾಷಿಂಗ್ಟನ್‌ನ ಆಗ್ನೇಯಕ್ಕೆ, ಆನಕಾಸ್ಟಿಯಾ ನದಿಯ ಆಚೆ ಗುಡ್ಡದ ಮೇಲಿನ ಈ ಮನೆ ಹೆಂಡತಿ ಹೆಲೆನ್ ಪಿಟ್ಸ್ ಡಗ್ಲಸ್‌ಗೆ ಸೇರಬೇಕೆಂದು ಉಯಿಲು ಬರೆದಿಟ್ಟಿದ್ದರು. ಉಯಿಲಿಗೆ ಇಬ್ಬರು ಸಾಕ್ಷಿ ಹಾಕಿದ್ದರು. ಆದರೆ ಸ್ಥಿರಾಸ್ತಿ ಕೊಡುವ ಉಯಿಲಿಗೆ ಆ ಕಾಲದ ವಾಷಿಂಗ್ಟನ್‌ನಲ್ಲಿ ಮೂವರು ಸಾಕ್ಷಿಗಳು ಬೇಕಿತ್ತು.

ಇವತ್ತು ಆ ಮನೆ ನೋಡಲು ಹೋದವರಿಗೆ ಅವರ ಮೇಜು, ಪುಸ್ತಕದ ಕಪಾಟು, ಪಿಟೀಲು, ಮಲಗುವ ಕೋಣೆಯಲ್ಲಿ ವ್ಯಾಯಾಮದ ಡಂಬೆಲ್‌ಗಳು ಎಲ್ಲ ಕಾಣುತ್ತವೆ. ದೊಡ್ಡವರ ಮನೆ, ದೇಶವೇ ಕಾಪಾಡಿಕೊಂಡಿತು ಎಂದು ಅನ್ನಿಸುವುದು ಸಹಜ. ನಡೆದದ್ದು ಹಾಗಲ್ಲ. ಸರ್ಕಾರ ಬಂದದ್ದು 67 ವರ್ಷಗಳ ನಂತರ. ಅಲ್ಲಿಯವರೆಗೆ ಮನೆಯನ್ನು ಹಿಡಿದು ನಿಲ್ಲಿಸಿದ್ದು ಒಬ್ಬ ವಿಧವೆ ಮಾಡಿದ ಸಾಲ, ಒಂದು ಸಂಘದ ಕಾಗದ, ಮತ್ತು ಕಪ್ಪು ಹೆಂಗಸರ ಸಂಘಟನೆಗಳು ಕೂಡಿಸಿದ ಚಿಲ್ಲರೆ ಕಾಸು. ಲೇಖಕರ ಮನೆ ಉಳಿಸಬೇಕೆಂದು ಓಡಾಡುವ ಯಾರಿಗಾದರೂ ಈ ಪ್ರಕರಣದ ಒಂದೊಂದು ಹೆಜ್ಜೆಯೂ ಉಪಯೋಗಕ್ಕೆ ಬರುತ್ತದೆ.

ಮನೆ ಕೈಗೆ ಬಂದದ್ದು

ಮನೆ ಕಟ್ಟಿದವರು ಜಾನ್ ವ್ಯಾನ್ ಹುಕ್, 1855ರಿಂದ 1859ರ ನಡುವೆ. ಅವರು ಮತ್ತು ಪಾಲುದಾರರು ಸೇರಿ 1854ರಲ್ಲಿ ನದಿಯಾಚೆ ಯೂನಿಯನ್‌ಟೌನ್ ಎಂಬ ಬಡಾವಣೆ ಮಾಡಿದ್ದರು. ಬಡಾವಣೆಯ ನಿವೇಶನಗಳಿಗೆ ಷರತ್ತುಗಳಿದ್ದವು: ಹಂದಿ ಸಾಕಬಾರದು, ಸಾಬೂನು ಕುದಿಸಬಾರದು, ಕಪ್ಪುಜನರಿಗೆ ಮಾರಬಾರದು, ಬಾಡಿಗೆಗೂ ಕೊಡಬಾರದು. ಅದೇ ಬಡಾವಣೆಯನ್ನು ಮೇಲಿಂದ ನೋಡುತ್ತಿದ್ದ ಗುಡ್ಡದ ಮನೆ ವ್ಯಾನ್ ಹುಕ್‌ರ ಸಾಲ ತೀರದೆ ಫ್ರೀಡ್‌ಮನ್ಸ್ ಬ್ಯಾಂಕಿನ ಪಾಲಾಯಿತು. ಬಿಡುಗಡೆಯಾದ ಗುಲಾಮರ ಉಳಿತಾಯಕ್ಕೆಂದು 1865ರಲ್ಲಿ ಶುರುವಾಗಿ 1874ರಲ್ಲಿ ಮುಳುಗಿದ ಬ್ಯಾಂಕು ಅದು. ಮುಳುಗುವ ಮೊದಲಿನ ಕೆಲವು ತಿಂಗಳು ಡಗ್ಲಸ್ ಅವರೇ ಅದರ ಅಧ್ಯಕ್ಷರಾಗಿದ್ದರು. 1877ರಲ್ಲಿ ಆ ಬ್ಯಾಂಕಿನಿಂದಲೇ 6,700 ಡಾಲರಿಗೆ ಮನೆಯನ್ನೂ ಅದರ ಸುತ್ತಲಿನ ಒಂಬತ್ತೂಮುಕ್ಕಾಲು ಎಕರೆಯನ್ನೂ ಕೊಂಡರು. ಆಮೇಲೆ ಪಕ್ಕದ ಐದೂಮುಕ್ಕಾಲು ಎಕರೆ ಸೇರಿಸಿದರು. 14 ಕೋಣೆಗಳಿದ್ದ ಮನೆ ಅವರ ಕಾಲದಲ್ಲಿ 21 ಕೋಣೆಗಳಿಗೆ ಬೆಳೆಯಿತು.

ಮನೆಯೊಳಗಿನದನ್ನು ಡಗ್ಲಸ್ ಜೋಪಾನ ಮಾಡಿದ್ದಕ್ಕೆ ಹಿಂದಿನ ಒಂದು ನಷ್ಟವೂ ಕಾರಣವಿರಬೇಕು. 1872ರಲ್ಲಿ ರಾಚೆಸ್ಟರ್‌ನಲ್ಲಿದ್ದ ಅವರ ಮನೆ ಸುಟ್ಟುಹೋಗಿತ್ತು. 1848ರಿಂದ 1860ರವರೆಗೆ ತಾವು ನಡೆಸಿದ ಪತ್ರಿಕೆಯ ಸಂಪುಟಗಳು ಬೂದಿಯಾಗಿದ್ದವು. ಆದ್ದರಿಂದ ಸೀಡರ್ ಹಿಲ್‌ನಲ್ಲಿ ಕೂಡಿಬಂದ ಕಾಗದಗಳಿಗೆ ಇರುವ ಬೆಲೆ ಬೇರೆಯೇ.

ಉಯಿಲು ಮುರಿದುಬಿದ್ದ ಜಾಗ

ಡಗ್ಲಸ್ 1881ರಿಂದ 1886ರವರೆಗೆ ಇದೇ ನಗರದ ಆಸ್ತಿ ದಸ್ತಾವೇಜು ನೋಂದಣಿಯ ಮುಖ್ಯಾಧಿಕಾರಿಯಾಗಿದ್ದವರು. ಹೆಲೆನ್ ಆ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದರು. ಕಾಗದಪತ್ರ ಬಲ್ಲ ಇಂಥ ಇಬ್ಬರ ಮನೆಯಲ್ಲೇ ಈ ತಪ್ಪು ನಡೆಯಿತು ಎಂಬುದನ್ನು ಮರೆಯಬಾರದು. ನಮಗೆ ಗೊತ್ತಿದೆ, ವಕೀಲರಿಗೆ ತೋರಿಸಬೇಕಿಲ್ಲ ಎನ್ನುವ ಮನೆಗಳಲ್ಲೇ ಇಂಥದ್ದು ಹೆಚ್ಚು.

ತಪ್ಪಿನ ಫಲ ಮನೆಯನ್ನು ಎರಡು ಭಾಗ ಮಾಡಿತು. ಚರಾಸ್ತಿಗೆ ಮೂರು ಸಾಕ್ಷಿಗಳ ನಿಯಮ ಇರಲಿಲ್ಲ. ಹಾಗಾಗಿ ಕುರ್ಚಿ, ಮೇಜು, ಪುಸ್ತಕ, ಪತ್ರಗಳು ಉಯಿಲಿನ ಪ್ರಕಾರವೇ ಹೆಲೆನ್‌ಗೆ ಬಂದವು. ಅವು ನಿಂತ ನೆಲ, ಗೋಡೆ, ಛಾವಣಿ ಮಾತ್ರ ಉಯಿಲೇ ಇಲ್ಲದ ಆಸ್ತಿಯಂತೆ ವಾರಸುದಾರರಿಗೆ ಹೋದವು. ಮೊದಲ ಹೆಂಡತಿ ಆನಾ ಮರ್ರಿಯ ಮಕ್ಕಳು ರೊಸೆಟಾ, ಲೂಯಿಸ್, ಚಾರ್ಲ್ಸ್, ಮತ್ತು 1892ರಲ್ಲಿ ತೀರಿಕೊಂಡಿದ್ದ ಫ್ರೆಡ್ರಿಕ್ ಜೂನಿಯರ್ ಅವರ ಮಕ್ಕಳು ಆ ವಾರಸುದಾರರು.

ಮನೆಯನ್ನು ತಂದೆಯ ಸ್ಮಾರಕವಾಗಿ ಬಿಟ್ಟುಕೊಡೋಣ ಎಂದು ಹೆಲೆನ್ ಕೇಳಿದರು. ಮಕ್ಕಳು ಮಾರಿ ಪಾಲು ಹಂಚಿಕೊಳ್ಳಬೇಕೆಂದರು. ಇದನ್ನು ಹೇಳುವಾಗ ಮಕ್ಕಳನ್ನು ದುಷ್ಟರನ್ನಾಗಿ ಮಾಡುವುದು ಅನ್ಯಾಯ. ಅವರೂ ಸಂಸಾರ ಸಾಗಿಸಬೇಕಾದವರು. ಪಾಲು ಕಾನೂನು ಕೊಟ್ಟದ್ದು. ಹೆಲೆನ್ ಬಿಳಿಯರು, ತಂದೆಯ ಎರಡನೇ ಹೆಂಡತಿ; 1884ರ ಮದುವೆಗೆ ಎರಡೂ ಕಡೆಯ ಬಂಧುಗಳಿಂದ ವಿರೋಧವಿತ್ತು. ಅಳಿಸಲಾಗದ ಮನಸ್ತಾಪ ಇರುವ ಕುಟುಂಬದಲ್ಲಿ ಸ್ಮಾರಕದ ಮಾತು ಆಸ್ತಿಯ ಮಾತಾಗಿಯೇ ಕೇಳಿಸುತ್ತದೆ. ಕೊನೆಗೆ ಹೆಲೆನ್ ಸಾಲ ತೆಗೆದು ಮಕ್ಕಳ ಪಾಲನ್ನು ಕೊಂಡರು. ಮನೆ ಅಡಮಾನಕ್ಕೆ ಬಿತ್ತು.

ಇಲ್ಲೊಂದು ಮಾತು ನಮ್ಮ ಓದುಗರಿಗೆ. ಭಾರತದ ಉತ್ತರಾಧಿಕಾರ ಕಾಯ್ದೆಯ 63ನೇ ಕಲಮಿನ ಪ್ರಕಾರ ಉಯಿಲಿಗೆ ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕು, ಸ್ಥಿರಾಸ್ತಿ ಚರಾಸ್ತಿ ಎರಡಕ್ಕೂ ಅದೇ ಲೆಕ್ಕ. ನೋಂದಣಿ ಕಡ್ಡಾಯವಲ್ಲ. ಆದರೆ ಸಾಕ್ಷಿಗಳು ಬರೆದವರ ಎದುರೇ ಸಹಿ ಹಾಕಬೇಕು, ಮತ್ತು ಮುಂದೆ ನ್ಯಾಯಾಲಯದಲ್ಲಿ ಹೇಳಲು ಅವರಲ್ಲಿ ಒಬ್ಬರಾದರೂ ಬದುಕಿದ್ದರೆ ಉಯಿಲನ್ನು ಸಾಬೀತು ಮಾಡುವುದು ಸುಲಭ. ಲೇಖಕರ ವಯಸ್ಸಿನವರನ್ನೇ ಸಾಕ್ಷಿಯಾಗಿ ಕೂರಿಸಿದರೆ ಈ ಎರಡನೆಯದು ಕೈಕೊಡುತ್ತದೆ.

ಸಂಘ, ಸಾಲ, ಸುಟ್ಟ ಪತ್ರ

ಹೆಲೆನ್ ಮುಂದಿನ ಹೆಜ್ಜೆಯನ್ನು ಸರಿಯಾಗಿ ಇಟ್ಟರು. ತಾವು ಸತ್ತರೆ ಮನೆ ಮತ್ತೆ ಯಾರದೋ ಖಾಸಗಿ ಆಸ್ತಿಯಾಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಆದ್ದರಿಂದ ಸಾಯದ ಒಬ್ಬ ಮಾಲೀಕ ಬೇಕಿತ್ತು. ಅಮೆರಿಕದ ಕಾಂಗ್ರೆಸ್ಸಿನಿಂದಲೇ ಸನದು ಪಡೆದು 1900ರ ಜೂನ್‌ನಲ್ಲಿ ಫ್ರೆಡ್ರಿಕ್ ಡಗ್ಲಸ್ ಸ್ಮಾರಕ ಮತ್ತು ಇತಿಹಾಸ ಸಂಘವನ್ನು ಸ್ಥಾಪಿಸಿದರು. ಡಗ್ಲಸ್ ನೆನಪನ್ನು ಉಳಿಸುವುದರ ಜೊತೆಗೆ ಗುಲಾಮಗಿರಿ ವಿರೋಧಿ ಚಳವಳಿಯ ದಾಖಲೆಗಳನ್ನು ಕೂಡಿಸಿ ಈ ಮನೆಯಲ್ಲಿ ಇಡುವುದೂ ಸಂಘದ ಉದ್ದೇಶವೆಂದು ಸನದಿನಲ್ಲೇ ಬರೆಯಲಾಯಿತು. ಆ ಸಾಲು ಮುಖ್ಯ. ಕೇವಲ ಒಬ್ಬ ವ್ಯಕ್ತಿಯ ಸ್ಮಾರಕವಾಗಿದ್ದರೆ ಮುಂದೆ ಹಣ ಕೇಳುವಾಗ ಬಂಧುಬಳಗ, ಅಭಿಮಾನಿಗಳ ಹತ್ತಿರ ಮಾತ್ರ ಕೈಚಾಚಬೇಕಾಗುತ್ತಿತ್ತು. ಇಡೀ ಚಳವಳಿಯ ಮನೆ ಎಂದಾಗ ಕೇಳುವ ಹಕ್ಕೂ ಕೊಡುವವರ ಸಂಖ್ಯೆಯೂ ಹೆಚ್ಚಿತು.

ಕೊರತೆಯಿದ್ದದ್ದು ಒಂದೇ: ಸಂಘಕ್ಕೆ ಹೆಸರಿತ್ತು, ಹಣವಿರಲಿಲ್ಲ. ಹೆಲೆನ್ ಊರೂರು ಸುತ್ತಿ ಭಾಷಣ ಮಾಡಿ ಬಂದ ಹಣದಲ್ಲಿ ಕಂತು ಕಟ್ಟಿದರು. 1903ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡಾಗಲೂ ಸಾಲ ಉಳಿದಿತ್ತು. ಮನೆ ಸಂಘಕ್ಕೆ ಬಂತು, ಅದರ ಜೊತೆ ಸಾಲವೂ ಬಂತು. ಬುಕರ್ ಟಿ. ವಾಷಿಂಗ್ಟನ್ ಅವರಂಥ ಪ್ರಭಾವಿಗಳು ಹಣ ಸಂಗ್ರಹಕ್ಕೆ ಕೈಹಾಕಿದರೂ ಅಡಮಾನ ಬಿಡುಗಡೆಯಾಗಲಿಲ್ಲ. ಹದಿಮೂರು ವರ್ಷ ಹೀಗೇ ಕಳೆಯಿತು. ಯಾರೂ ಪೂರ್ತಿ ಕೈಬಿಡಲಿಲ್ಲ, ಯಾರೂ ಪೂರ್ತಿ ಹೊರಲೂ ಇಲ್ಲ. ಹಳೆಯ ಮನೆಗಳು ಹೆಚ್ಚಾಗಿ ಸಾಯುವುದು ಇಂಥ ವರ್ಷಗಳಲ್ಲೇ. ಬಡ್ಡಿಯ ಹಣ ಹೊಂದಿಸುವುದರಲ್ಲೇ ಛಾವಣಿ ರಿಪೇರಿಯ ಹಣ ಕರಗುತ್ತದೆ, ಸೋರಿದ ನೀರು ತೊಲೆ ತಿನ್ನುತ್ತದೆ, ರಿಪೇರಿಯ ಅಂದಾಜು ಸಾಲಕ್ಕಿಂತ ದೊಡ್ಡದಾದ ದಿನ ಮಾರಾಟವೇ ಬುದ್ಧಿವಂತಿಕೆ ಎನ್ನಿಸುತ್ತದೆ.

1916ರಲ್ಲಿ ಸಂಘ ಕಪ್ಪು ಮಹಿಳೆಯರ ರಾಷ್ಟ್ರೀಯ ಸಂಘಟನೆಯ ನೆರವು ಕೇಳಿತು. 1896ರಲ್ಲಿ ಹುಟ್ಟಿದ ಆ ಸಂಘಟನೆ ಒಂದೇ ಕಚೇರಿಯ ಸಂಸ್ಥೆಯಲ್ಲ, ಊರೂರಿನ ಮಹಿಳಾ ಕ್ಲಬ್ಬುಗಳ ಒಕ್ಕೂಟ. ಅದರ ಅಂದಿನ ಅಧ್ಯಕ್ಷೆ ಬಫಲೋ ನಗರದ ಮೇರಿ ಟಾಲ್ಬರ್ಟ್ ಇದನ್ನು ತಮ್ಮ ಅವಧಿಯ ಮುಖ್ಯ ಕೆಲಸ ಮಾಡಿಕೊಂಡರು. ದೊಡ್ಡ ದಾನಿಯೊಬ್ಬರನ್ನು ಹುಡುಕಿ ಕಾಯುವ ಬದಲು ಕ್ಲಬ್ಬುಗಳಿಂದ, ಶಾಲಾಮಕ್ಕಳ ಪೆನ್ನಿಗಳಿಂದ ಹಣ ಕೂಡಿಸಿದರು. ಕೂದಲಿನ ಆರೈಕೆಯ ಸಾಮಾನು ಮಾರಿ ಉದ್ಯಮ ಕಟ್ಟಿದ ಮೇಡಮ್ ಸಿ.ಜೆ. ವಾಕರ್ 500 ಡಾಲರ್ ಕೊಟ್ಟರು. ಒಬ್ಬರೇ ಕೊಟ್ಟ ಮೊತ್ತಗಳಲ್ಲಿ ಅದೇ ದೊಡ್ಡದು. ಎರಡು ವರ್ಷದೊಳಗೆ ಸಾಲ ತೀರಿತು. 1918ರ ಜುಲೈನಲ್ಲಿ ಡೆನ್ವರ್‌ನಲ್ಲಿ ನಡೆದ ಸಂಘಟನೆಯ ಅಧಿವೇಶನದಲ್ಲಿ ಎಲ್ಲರೆದುರು ಅಡಮಾನ ಪತ್ರವನ್ನು ಸುಟ್ಟರು.

ಹದಿಮೂರು ವರ್ಷ ಆಗದ್ದು ಎರಡು ವರ್ಷದಲ್ಲಿ ಆದದ್ದು ಹೇಗೆಂದು ಕೇಳಬೇಕು. ಹಿಂದಿನವರಿಗೆ ಹೆಸರಿತ್ತು. ಟಾಲ್ಬರ್ಟ್ ಅವರಿಗೆ ಪ್ರತಿ ಊರಿನಲ್ಲಿ ಲೆಕ್ಕ ಬರೆಯುವ, ಚೀಟಿ ಕೊಡುವ, ಮುಂದಿನ ತಿಂಗಳು ಮತ್ತೆ ಬಾಗಿಲು ತಟ್ಟುವ ಒಬ್ಬ ಹೆಂಗಸಿದ್ದಳು. ಅದಕ್ಕಿಂತ ಮಿಗಿಲಾಗಿ ಗುರಿ ಒಂದೇ ಆಗಿತ್ತು, ಅದಕ್ಕೊಂದು ಅಂಕಿಯಿತ್ತು: ಈ ಸಾಲ ತೀರಬೇಕು. 'ಸ್ಮಾರಕಕ್ಕೆ ಸಹಾಯ ಮಾಡಿ' ಎಂದರೆ ಕೊಡುವವರಿಗೆ ಮುಗಿಯುವ ಜಾಗ ಕಾಣುವುದಿಲ್ಲ. ಮನೆಯನ್ನು ದುರಸ್ತಿ ಮಾಡಿ 1922ರಲ್ಲಿ ತೆರೆದರು. ಅದೇ ವರ್ಷ ಟಾಲ್ಬರ್ಟ್ ಅವರಿಗೆ ಕಪ್ಪುಜನರ ಸಾಧನೆಗೆ ಕೊಡುವ ಸ್ಪಿಂಗಾರ್ನ್ ಪದಕ ಬಂತು. ಆ ಪದಕ ಪಡೆದ ಮೊದಲ ಮಹಿಳೆ ಅವರು.

ಸರ್ಕಾರಕ್ಕೆ ಒಪ್ಪಿಸಿದ್ದು

ಮುಂದಿನ ನಾಲ್ಕು ದಶಕ ಎರಡೂ ಸಂಘಗಳು ಸೇರಿ ಮನೆ ನಡೆಸಿದವು. ಸಾಲ ತೀರಿಸುವ ಉತ್ಸಾಹಕ್ಕೆ ಜನ ಸಿಗುತ್ತಾರೆ, ವರ್ಷ ವರ್ಷ ಛಾವಣಿ ನೋಡಿಕೊಳ್ಳುವುದಕ್ಕೆ ಸಿಗುವುದು ಕಷ್ಟ. 1962ರ ಸೆಪ್ಟೆಂಬರ್ 5ರಂದು ಅಧ್ಯಕ್ಷ ಕೆನಡಿ ಸಹಿ ಹಾಕಿದ ಕಾನೂನಿನಿಂದ ಮನೆ ನ್ಯಾಷನಲ್ ಪಾರ್ಕ್ ಸರ್ವಿಸ್‌ಗೆ, ಅಂದರೆ ರಾಷ್ಟ್ರೀಯ ಉದ್ಯಾನ ಮತ್ತು ಸ್ಮಾರಕಗಳನ್ನು ನೋಡಿಕೊಳ್ಳುವ ಸರ್ಕಾರಿ ಇಲಾಖೆಗೆ, ಸೇರಲು ದಾರಿಯಾಯಿತು. ಆಸ್ತಿ ಕೈಬದಲಾದದ್ದು 1964ರಲ್ಲಿ, ಜೀರ್ಣೋದ್ಧಾರ ಮುಗಿದು ಬಾಗಿಲು ತೆರೆದದ್ದು 1972ರ ಫೆಬ್ರವರಿ 14ರಂದು. ಗುಲಾಮರ ಮಕ್ಕಳಿಗೆ ಹುಟ್ಟಿದ ದಿನದ ದಾಖಲೆ ಇರುತ್ತಿರಲಿಲ್ಲ. ಡಗ್ಲಸ್ ತಾವೇ ಆರಿಸಿಕೊಂಡ ಹುಟ್ಟುಹಬ್ಬ ಫೆಬ್ರವರಿ 14. ಕಾನೂನಿನಿಂದ ಬಾಗಿಲವರೆಗೆ ಹತ್ತು ವರ್ಷ ಬೇಕಾಯಿತು ಎಂಬುದನ್ನು, ಸರ್ಕಾರ ಒಪ್ಪಿತು ಎಂದ ಕೂಡಲೇ ಕೆಲಸ ಮುಗಿಯಿತೆಂದುಕೊಳ್ಳುವವರು ಗಮನಿಸಬೇಕು.

ಅದೇ 1972ರಲ್ಲಿ ಮನೆಯಲ್ಲಿದ್ದ ಕಾಗದಪತ್ರಗಳು ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಹೋದವು. ಅಲ್ಲಿನ ಡಗ್ಲಸ್ ಸಂಗ್ರಹದಲ್ಲಿ ಇಂದು ಸುಮಾರು 7,400 ದಾಖಲೆಗಳಿವೆ. ಬರೆದ ಮೇಜು ಒಂದು ಕಡೆ, ಬರೆದದ್ದು ಇನ್ನೊಂದು ಕಡೆ ಎಂದು ಕೆಲವರಿಗೆ ಬೇಸರ. ನಮ್ಮ ಅಭಿಪ್ರಾಯದಲ್ಲಿ ಅದು ಸರಿಯಾದ ನಿರ್ಧಾರ. ಕಾಗದಕ್ಕೆ ಬೇಕಾದದ್ದು ಕತ್ತಲೆ, ತಂಪು, ಏರಿಳಿಯದ ತೇವಾಂಶ. ಮನೆಗೆ ಬೇಕಾದದ್ದು ಕಿಟಕಿ ತೆರೆದು ಒಳಗೆ ನಡೆಯುವ ಜನ. ಒಂದೇ ಗೋಡೆಯೊಳಗೆ ಎರಡನ್ನೂ ಕೊಡಲಾಗದು.

ಬೆಳಕಿನ ಲೆಕ್ಕ ನೋಡಿದರೆ ಇದು ಸ್ಪಷ್ಟ. ಗೋಡೆ ಕಾಗದ, ಪರದೆ, ಜಲವರ್ಣ, ಚರ್ಮದ ಹೊದಿಕೆ ಇವಕ್ಕೆ ವಸ್ತುಸಂಗ್ರಹಾಲಯಗಳು ಸಾಮಾನ್ಯವಾಗಿ ಇಟ್ಟುಕೊಳ್ಳುವ ಮಿತಿ 50 ಲಕ್ಸ್ (ಲಕ್ಸ್ ಎಂದರೆ ಮೇಲ್ಮೈ ಮೇಲೆ ಬೀಳುವ ಬೆಳಕಿನ ಅಳತೆ). ದಿನಕ್ಕೆ 8 ಗಂಟೆಯಂತೆ ವರ್ಷಕ್ಕೆ 300 ದಿನ ತೆರೆದಿಟ್ಟರೆ 1,20,000 ಲಕ್ಸ್-ಗಂಟೆಯಾಗುತ್ತದೆ. ಮಧ್ಯಮ ಸೂಕ್ಷ್ಮತೆಯ ಬಣ್ಣಗಳಿಗೆ ವರ್ಷದ ಮಿತಿ 1,50,000. ಬೇಗ ಮಾಸುವ ಬಣ್ಣಗಳಿಗೆ ಬರೀ 15,000. ಪರದೆಯಿಲ್ಲದ ಕಿಟಕಿಯ ಪಕ್ಕ 2,000 ಲಕ್ಸ್ ಬಿದ್ದರೆ 75 ಗಂಟೆಗಳಲ್ಲಿ, ಅಂದರೆ ಹತ್ತು ದಿನದೊಳಗೆ, ಇಡೀ ವರ್ಷದ ಪಾಲು ಖರ್ಚಾಗುತ್ತದೆ. ಇಂಥ ಮನೆಗಳಲ್ಲಿ ಕೋಣೆ ಮಬ್ಬಾಗಿದೆ, ಸರಿಯಾಗಿ ಕಾಣುವುದಿಲ್ಲ ಎಂಬ ದೂರು ಯಾವಾಗಲೂ ಬರುತ್ತದೆ. ಮಾಸಿದ ಬಣ್ಣ ಮರಳಿ ಬರುವುದಿಲ್ಲವಾದ್ದರಿಂದ ದೂರನ್ನು ಸಹಿಸಿಕೊಳ್ಳುವುದೇ ಸರಿ.

ಇಟ್ಟಿಗೆಯ ಮಾತೂ ಹೀಗೆಯೇ. 1850ರ ದಶಕದ ಇಟ್ಟಿಗೆ ಮೆತ್ತಗಿನದು, ಅದಕ್ಕೆ ಒಗ್ಗುವುದು ಸುಣ್ಣದ ಗಾರೆ. ಸಂದು ಉದುರಿದಾಗ ಗಟ್ಟಿಯಾಗಲೆಂದು ಸಿಮೆಂಟ್ ತುಂಬಿದರೆ ಗೋಡೆಯೊಳಗಿನ ತೇವ ಸಂದಿನಿಂದ ಹೊರಬರಲಾರದೆ ಇಟ್ಟಿಗೆಯ ಮುಖದಿಂದ ಬರುತ್ತದೆ. ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ ಹಿಗ್ಗಿ ಇಟ್ಟಿಗೆಯ ಮುಖವೇ ಪದರ ಪದರವಾಗಿ ಕಳಚುತ್ತದೆ. ಸಂದು ಉಳಿದು ಇಟ್ಟಿಗೆ ಹೋಗುವ ಈ ಹಾನಿಗೆ ಮದ್ದಿಲ್ಲ. ಸರಿಯಾದ ಕ್ರಮವೆಂದರೆ ಹಳೆಯ ಗಾರೆಯನ್ನು ಸಂದಿನ ಅಗಲದ ಎರಡರಿಂದ ಎರಡೂವರೆ ಪಟ್ಟು ಆಳಕ್ಕೆ ಕೆತ್ತಿ ತೆಗೆಯಬೇಕು. 10 ಮಿಲಿಮೀಟರ್ ಸಂದಾದರೆ 20ರಿಂದ 25 ಮಿಲಿಮೀಟರ್ ಆಳ. ಕೈ ಉಳಿಯಿಂದಲೇ ಕೆತ್ತಬೇಕು, ಗ್ರೈಂಡರ್ ಹಿಡಿದರೆ ಇಟ್ಟಿಗೆಯ ಅಂಚು ಹೋಗುತ್ತದೆ. ಸಂದು ನೆನೆಸಿ, ಸುಮಾರು 6 ಮಿಲಿಮೀಟರ್ ಪದರಗಳಾಗಿ ಹೊಸ ಗಾರೆ ತುಂಬಿ, ಒಂದು ಪದರ ಹೆಬ್ಬೆರಳಿಗೆ ಗಟ್ಟಿಯೆನಿಸಿದ ಮೇಲೆ ಮುಂದಿನದು. ಹೊಸ ಗಾರೆ ಇಟ್ಟಿಗೆಗಿಂತ ಮೆತ್ತಗಿರಬೇಕು. ನಮ್ಮ ಊರುಗಳ ಸುಣ್ಣದ ಗೋಡೆಯ ಹಳೆ ಮನೆಗಳಿಗೂ ಇದೇ ನಿಯಮ. ಅಲ್ಲಿ ಹಿಮದ ಬದಲು ಉಪ್ಪು ಅದೇ ಕೆಲಸ ಮಾಡುತ್ತದೆ.

2004ರಿಂದ 2007ರವರೆಗೆ ಮನೆಯನ್ನು ಮುಚ್ಚಿ ಮತ್ತೊಮ್ಮೆ ದೊಡ್ಡ ಮಟ್ಟದ ಕೆಲಸ ನಡೆಯಿತು. ಜೀರ್ಣೋದ್ಧಾರವೆಂದರೆ ಒಂದು ಸಲ ಮಾಡಿ ಮುಗಿಸುವ ಕೆಲಸವಲ್ಲ. 1922, 1972, 2007 ಎಂದು ಮೂವತ್ತೈದು, ಐವತ್ತು ವರ್ಷಕ್ಕೊಮ್ಮೆ ಅದು ಮರಳಿ ಬಂದಿದೆ. ಮನೆ ವಹಿಸಿಕೊಳ್ಳುವವರು ಮುಂದಿನ ಸುತ್ತಿನ ಹಣವನ್ನೂ ಮೊದಲ ದಿನದಿಂದಲೇ ಎಣಿಸಬೇಕು.

ನಿಜವಾದದ್ದು, ಮತ್ತೆ ಕಟ್ಟಿದ್ದು

ಸೀಡರ್ ಹಿಲ್‌ನ ಬೆಲೆ ಇರುವುದು ಒಳಗಿನ ವಸ್ತುಗಳಲ್ಲಿ ಬಹುಪಾಲು ಈ ಮನೆಯವೇ ಆಗಿರುವುದರಲ್ಲಿ. ಲಿಂಕನ್ ತೀರಿಕೊಂಡ ಮೇಲೆ ಅವರ ಹೆಂಡತಿ ಮೇರಿ ಕಳಿಸಿಕೊಟ್ಟ ಊರುಗೋಲು, ಸಾರಾ ಎಡಿ 1883ರಲ್ಲಿ ಬರೆದ ಡಗ್ಲಸ್ ಚಿತ್ರ, ಹೆಲೆನ್ ಅವರ ಟೈಪ್‌ರೈಟರ್, ಇವೆಲ್ಲ ಮೂಲ. ಇದಕ್ಕೆ ಕಾರಣ ಮತ್ತೆ ಆ ಉಯಿಲಿನ ಅರ್ಧ ಭಾಗ. ಚರಾಸ್ತಿಯೂ ವಾರಸುದಾರರಲ್ಲಿ ಹಂಚಿಹೋಗಿದ್ದರೆ ಇವತ್ತು ಅದೇ ಕಾಲದ ಬೇರೆ ಕುರ್ಚಿಗಳನ್ನು ಹರಾಜಿನಲ್ಲಿ ಕೊಂಡು ತಂದು ಕೋಣೆ ತುಂಬಿಸಬೇಕಾಗುತ್ತಿತ್ತು. ಲೇಖಕರ ಎಷ್ಟೋ ಮನೆಗಳ ಕತೆ ಅದೇ.

ಹಿತ್ತಲಿನ ಕಲ್ಲಿನ ಗುಡಿಸಲು ಮಾತ್ರ ಬೇರೆ. ಡಗ್ಲಸ್ ಅದನ್ನು 'ಗ್ರೌಲರಿ' ಎನ್ನುತ್ತಿದ್ದರು, ಗುರುಗುಟ್ಟುವ ಜಾಗ ಎಂಬರ್ಥದಲ್ಲಿ. ಕಿಟಕಿಯಿಲ್ಲದ ಒಂದೇ ಕೋಣೆ, ಒಲೆ, ಮೇಜು, ಮಲಗಲು ಒಂದು ಮಂಚ. ಜನ ಬಂದು ಮುತ್ತಿಕೊಳ್ಳುವ ಮನೆಯಿಂದ ತಪ್ಪಿಸಿಕೊಂಡು ಓದಿ ಬರೆಯಲು. ಮೂಲ ಗುಡಿಸಲು ಉಳಿಯಲಿಲ್ಲ, ಈಗಿರುವುದು 1981ರಲ್ಲಿ ಮತ್ತೆ ಕಟ್ಟಿದ್ದು. ಕಟ್ಟಿದ್ದು ತಪ್ಪಲ್ಲ. ಅದಿಲ್ಲದೆ ಅವರು ಎಲ್ಲಿ ಕೂತು ಬರೆದರೆಂಬುದು ಅರ್ಧ ತಿಳಿಯದು. ಆದರೆ ಅದರೆದುರು ನಿಂತವರಿಗೆ 1981 ಎಂಬ ಇಸವಿಯನ್ನು ಮೊದಲೇ ಹೇಳಬೇಕು. ಒಂದು ಕಡೆ ಮರೆಮಾಚಿದರೆ ಮನೆಯೊಳಗಿನ ನಿಜವಾದ ಮೇಜಿನ ಮೇಲೂ ಅನುಮಾನ ಬರುತ್ತದೆ.

ಇಷ್ಟೆಲ್ಲ ಉಳಿದ ಮನೆಯಲ್ಲಿ ಕಾಣಲು ಕಷ್ಟವಾಗುವವರು ಆನಾ ಮರ್ರಿ. ಡಗ್ಲಸ್ ಗುಲಾಮಗಿರಿಯಿಂದ ತಪ್ಪಿಸಿಕೊಳ್ಳಲು ನೆರವಾದವರು, 44 ವರ್ಷ ಜೊತೆಗಿದ್ದವರು, 1882ರ ಆಗಸ್ಟ್‌ನಲ್ಲಿ ಇದೇ ಮನೆಯಲ್ಲಿ ತೀರಿಕೊಂಡವರು. ಅವರಿಗೆ ಓದುಬರಹ ಬರುತ್ತಿರಲಿಲ್ಲ, ಹಾಗಾಗಿ 7,400 ದಾಖಲೆಗಳಲ್ಲಿ ಅವರ ಕೈಬರಹವಿಲ್ಲ. ಬರೆದದ್ದನ್ನಷ್ಟೇ ಸಾಕ್ಷಿಯೆಂದು ಹಿಡಿದರೆ ಲೇಖಕರ ಮನೆ ನಡೆಸಿದ ಹೆಂಗಸು ಅಡುಗೆಮನೆಯ ಪಾತ್ರೆಗಳಲ್ಲಿ ಮಾತ್ರ ಉಳಿಯುತ್ತಾಳೆ. ಅವರ ಬಗ್ಗೆ ನಂಬಬಹುದಾದ ಹತ್ತಿರದ ಮಾತು ಸಿಗುವುದು ಮಗಳು ರೊಸೆಟಾ ಅವರಿಂದ. 1900ರ ಮೇ 10ರಂದು, ಸ್ಮಾರಕ ಸಂಘಕ್ಕೆ ಸನದು ಸಿಗುವ ಕೆಲವೇ ವಾರ ಮೊದಲು, ವಾಷಿಂಗ್ಟನ್‌ನ ಮಹಿಳಾ ಸಭೆಯೊಂದರಲ್ಲಿ ಅವರು ತಾಯಿಯ ನೆನಪನ್ನು ಓದಿದರು. ಗಂಡ ಇಂಗ್ಲೆಂಡಿನಲ್ಲಿದ್ದಾಗ ಲಿನ್ ಊರಿನಲ್ಲಿ ಚಪ್ಪಲಿ-ಬೂಟುಗಳ ಹೊಲಿಗೆ ಮಾಡಿ ಮಕ್ಕಳನ್ನು ಸಾಕಿದ್ದು, ರಾಚೆಸ್ಟರ್ ಮನೆಗೆ ರಾತ್ರಿ ಓಡಿಬಂದ ಗುಲಾಮರಿಗೆ ಊಟ ಹಾಸಿಗೆ ಕೊಟ್ಟದ್ದು ಅದರಲ್ಲಿದೆ. ಆನಾ ಅವರ ಕೋಣೆಯ ಮುಂದೆ ನಿಂತಾಗ ಮಾರ್ಗದರ್ಶಕರು ಹೇಳಬೇಕಾದದ್ದು ಆ ಭಾಷಣದಲ್ಲಿದೆ, ಕೋಣೆಯ ಸಾಮಾನುಗಳಲ್ಲಿ ಇಲ್ಲ.